ಕಸಾಂಡ್ರಾ ಕ್ಲಸ್ಟರ್‌ನಲ್ಲಿ ಮೆಮೊರಿ ತುಂಬುತ್ತಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

"ಮೆಮೊರಿ 92%" ಅಂತ ಅಲರ್ಟ್ ಬಂದ ಕೂಡಲೇ ಬಹಳ ಜನ ಮಾಡುವ ಮೊದಲ ಕೆಲಸ ರೀಸ್ಟಾರ್ಟ್. ಗ್ರಾಫ್ ಕೆಳಗಿಳಿಯುತ್ತದೆ, ಟಿಕೆಟ್ ಮುಚ್ಚಿಬಿಡುತ್ತಾರೆ, ನಾಲ್ಕು ದಿನ ಬಿಟ್ಟು ಅದೇ ಅಲರ್ಟ್ ಮತ್ತೆ ಹಾಜರ್. ಆ 92 ಅನ್ನುವ ಅಂಕಿಯೊಂದರಿಂದಲೇ ಏನೂ ಗೊತ್ತಾಗುವುದಿಲ್ಲ. ಅಪಾಚೆ ಕಸಾಂಡ್ರಾ ಅಂದರೆ ಡೇಟಾವನ್ನು ಹಲವು ಸರ್ವರ್‌ಗಳಲ್ಲಿ ಹಂಚಿಡುವ ಡೇಟಾಬೇಸ್; ಒಂದೊಂದು ಸರ್ವರ್ ಒಂದು ನೋಡ್, ಎಲ್ಲ ಸೇರಿ ಕ್ಲಸ್ಟರ್. ಅದು ಓಡುವ ಸರ್ವರ್‌ನಲ್ಲಿ ಮೆಮೊರಿಗೆ ಮೂರು ಪಾಲು ಇರುತ್ತದೆ: ಜಾವಾ ಹೀಪ್ (ಜಾವಾ ಪ್ರೋಗ್ರಾಂ ತನ್ನ ಆಬ್ಜೆಕ್ಟ್‌ಗಳನ್ನು ಇಡುವ ಜಾಗ), ಅದೇ ಪ್ರೋಸೆಸ್ ಹೀಪ್‌ನ ಹೊರಗೆ ತೆಗೆದುಕೊಳ್ಳುವ ಆಫ್-ಹೀಪ್, ಮತ್ತೆ ಲಿನಕ್ಸ್ ಕರ್ನಲ್ ಇಟ್ಟುಕೊಳ್ಳುವ ಪೇಜ್ ಕ್ಯಾಶ್. ಹೀಪ್ ತುಂಬಿದರೆ ನೋಡ್ ತೂಕಡಿಸುತ್ತದೆ. ಆಫ್-ಹೀಪ್ ಮಿತಿ ಮೀರಿದರೆ ಪ್ರೋಸೆಸ್ ಸಾಯುತ್ತದೆ. ಪೇಜ್ ಕ್ಯಾಶ್ ತುಂಬಿದರೆ ಒಳ್ಳೆಯದೇ.

ಹಾಗಾಗಿ ಯಾವ ಲಕ್ಷಣ ಕಂಡರೂ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಏರಿರುವುದು ಯಾವ ಪಾಲು? ಒಂದು ನೋಡ್‌ನಲ್ಲೋ, ಕೆಲವದರಲ್ಲೋ, ಎಲ್ಲದರಲ್ಲೋ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಹೇಳುವುದೆಲ್ಲ 4.0 ವರ್ಷನ್ ಅನ್ನು ಮನಸ್ಸಲ್ಲಿಟ್ಟುಕೊಂಡು. ನಿಮ್ಮದು ಬೇರೆ ವರ್ಷನ್ ಆಗಿದ್ದರೆ ಡೀಫಾಲ್ಟ್ ಅಂಕಿಗಳನ್ನು ಒಮ್ಮೆ ನಿಮ್ಮ ಕಾನ್ಫಿಗ್ ಫೈಲ್‌ನಲ್ಲಿ ನೋಡಿಕೊಳ್ಳಿ.

ಕೈ ಹಾಕುವ ಮುಂಚೆ

ರೀಸ್ಟಾರ್ಟ್ ಮಾಡಲೇಬೇಕು ಅಂತಾದರೆ ಒಂದು ಸಲಕ್ಕೆ ಒಂದೇ ನೋಡ್. ರೆಪ್ಲಿಕೇಷನ್ 3 ಇಟ್ಟು (ಡೇಟಾದ ಪ್ರತಿ, ಅಂದರೆ ರೆಪ್ಲಿಕಾ, ಮೂರು ನೋಡ್‌ಗಳಲ್ಲಿ) ಕೋರಂನಲ್ಲಿ (ಬಹುಮತದ ರೆಪ್ಲಿಕಾ ಉತ್ತರಿಸಬೇಕು ಅನ್ನುವ ನಿಯಮದಲ್ಲಿ) ಓದಿ ಬರೆಯುವ ಕ್ಲಸ್ಟರ್‌ನಲ್ಲಿ ಎರಡು ರೆಪ್ಲಿಕಾ ಒಟ್ಟಿಗೆ ಮಲಗಿದರೆ ಆ ಡೇಟಾ ಸಿಗುವುದೇ ಇಲ್ಲ. ಮೊದಲು ನೋಡ್‌ಟೂಲ್ (ಕಸಾಂಡ್ರಾ ಜೊತೆಗೇ ಬರುವ ನಿರ್ವಹಣೆಯ ಕಮಾಂಡ್) ಡ್ರೇನ್ ಕೊಡಿ, ಮೆಮೊರಿಯಲ್ಲಿರುವ ಬರಹ ಡಿಸ್ಕ್‌ಗೆ ಇಳಿಯಲಿ, ಆಮೇಲೆ ನಿಲ್ಲಿಸಿ. ಮತ್ತೆ ಎದ್ದ ಮೇಲೆ ನೋಡ್‌ಟೂಲ್ ಸ್ಟೇಟಸ್‌ನಲ್ಲಿ ಅದರ ಮುಂದೆ ಯುಎನ್ (ಅಪ್, ನಾರ್ಮಲ್) ಅಂತ ಬರುವವರೆಗೂ ಮುಂದಿನದನ್ನು ಮುಟ್ಟಬೇಡಿ.

ಇನ್ನೊಂದು. ನೋಡ್‌ಟೂಲ್ ಗಾರ್ಬೇಜ್‌ಕಲೆಕ್ಟ್ ಅಂತ ಒಂದು ಕಮಾಂಡ್ ಇದೆ. ಹೆಸರು ನೋಡಿ ಜಾವಾ ಹೀಪ್ ಖಾಲಿ ಮಾಡುತ್ತದೆ ಅಂದುಕೊಂಡು ಓಡಿಸಬೇಡಿ. ಅದು ಡಿಸ್ಕ್ ಮೇಲಿನ ಎಸ್‌ಎಸ್‌ಟೇಬಲ್‌ಗಳನ್ನು (ಡೇಟಾ ಫೈಲ್‌ಗಳನ್ನು) ಮತ್ತೆ ಬರೆದು ಅಳಿಸಿದ ಡೇಟಾ ತೆಗೆಯುವ ಕಮಾಂಡ್. ಮೊದಲೇ ಏದುಸಿರು ಬಿಡುತ್ತಿರುವ ನೋಡ್ ಮೇಲೆ ಇನ್ನಷ್ಟು ಭಾರ ಹೇರಿದ ಹಾಗಾಗುತ್ತದೆ.

ಲಕ್ಷಣ: ಸರ್ವರ್ ಮೆಮೊರಿ 95%, ಆದರೆ ಯಾರಿಂದಲೂ ದೂರಿಲ್ಲ

ಇದು ಎಲ್ಲಕ್ಕಿಂತ ಸುಲಭದ್ದು. ಸರ್ವರ್‌ನಲ್ಲಿ ಫ್ರೀ ಕಮಾಂಡ್ ಓಡಿಸಿ. "ಫ್ರೀ" ಕಾಲಂ ನೋಡಬೇಡಿ, "ಅವೈಲಬಲ್" ಕಾಲಂ ನೋಡಿ. ಫ್ರೀ ಕಾಲಂನಲ್ಲಿ 1 ಜಿಬಿ, ಅವೈಲಬಲ್‌ನಲ್ಲಿ 30 ಜಿಬಿ ಇದ್ದರೆ ನಿಮಗೆ ತೊಂದರೆಯೇ ಇಲ್ಲ. ಓದಿದ ಡೇಟಾ ಫೈಲ್‌ಗಳನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಂಡಿದೆ ಅಷ್ಟೇ, ಯಾರಾದರೂ ಕೇಳಿದರೆ ಬಿಟ್ಟುಕೊಡುತ್ತದೆ. ಕಸಾಂಡ್ರಾ ಓದುವುದರಲ್ಲಿ ಚುರುಕಾಗಿರುವುದೇ ಈ ಕ್ಯಾಶ್‌ನಿಂದ. ಅದನ್ನು ಬಲವಂತವಾಗಿ ಖಾಲಿ ಮಾಡಿಸುವ ಕ್ರಾನ್ ಜಾಬ್ ಯಾರಾದರೂ ಹಾಕಿಟ್ಟಿದ್ದರೆ ಮೊದಲು ತೆಗೆದುಹಾಕಿ.

ಟಾಪ್ ಕಮಾಂಡ್‌ನಲ್ಲೂ ಹೀಗೇ ಗಾಬರಿಯಾಗುವುದುಂಟು. ಹೀಪ್ ಕೊಟ್ಟಿರುವುದು 16 ಜಿಬಿ, ಪ್ರೋಸೆಸ್ ಮಾತ್ರ 40 ಜಿಬಿ ತಿಂದ ಹಾಗೆ ಕಾಣುತ್ತದೆ. ಎಸ್‌ಎಸ್‌ಟೇಬಲ್ ಫೈಲ್‌ಗಳನ್ನು ಎಂಮ್ಯಾಪ್ ಮಾಡಿಕೊಂಡಿದ್ದರೆ (ಫೈಲನ್ನು ನೇರವಾಗಿ ಪ್ರೋಸೆಸ್‌ನ ಮೆಮೊರಿ ವಿಳಾಸಕ್ಕೆ ಜೋಡಿಸಿಕೊಂಡಿದ್ದರೆ) ಆ ಪುಟಗಳೂ ಈ ಲೆಕ್ಕಕ್ಕೆ ಸೇರಿಬಿಡುತ್ತವೆ. ಪಕ್ಕದ "ಎಸ್‌ಎಚ್‌ಆರ್" ಕಾಲಂ ಕಳೆದು ನೋಡಿ, ಉಳಿಯುವುದೇ ಹೆಚ್ಚುಕಮ್ಮಿ ಪ್ರೋಸೆಸ್‌ನ ಸ್ವಂತ ಮೆಮೊರಿ.

ಮಾಡಬೇಕಾದ್ದು ಒಂದೇ, ಅಲರ್ಟ್ ಬದಲಾಯಿಸಿ: "ಬಳಸಿದ್ದು ಇಷ್ಟು ಶೇಕಡ" ಅನ್ನುವುದರ ಬದಲು "ಅವೈಲಬಲ್ ಇಷ್ಟಕ್ಕಿಂತ ಕಡಿಮೆ" ಅಂತ ಹಾಕಿ. ಹಾಗೇ ಕ್ಲಸ್ಟರ್ ಸರಾಸರಿಯ ಮೇಲೆ ಅಲರ್ಟ್ ಇಡಬೇಡಿ. 12 ನೋಡ್‌ಗಳಲ್ಲಿ 11 ತಣ್ಣಗಿದ್ದು ಒಂದು ಉಸಿರು ಕಟ್ಟಿ ಒದ್ದಾಡುತ್ತಿದ್ದರೂ ಸರಾಸರಿ ಚೆಂದವಾಗೇ ಕಾಣುತ್ತದೆ.

ಲಕ್ಷಣ: ಹೀಪ್ ಗ್ರಾಫ್ ಪದೇ ಪದೇ ಮೇಲಕ್ಕೆ ಹೋಗುತ್ತಿದೆ

ಹೋಗಲಿ ಬಿಡಿ, ಹೀಪ್ ಇರುವುದೇ ಹಾಗೆ. ತುಂಬುತ್ತದೆ, ಗಾರ್ಬೇಜ್ ಕಲೆಕ್ಷನ್ (ಜಿಸಿ, ಬೇಡವಾದ ಆಬ್ಜೆಕ್ಟ್‌ಗಳನ್ನು ಜಾವಾ ಗುಡಿಸುವ ಕೆಲಸ) ಬಂದು ಇಳಿಸುತ್ತದೆ, ಮತ್ತೆ ತುಂಬುತ್ತದೆ. ಗ್ರಾಫ್ ಗರಗಸದ ಹಲ್ಲಿನಂತೆ ಕಂಡರೆ ಅದು ಆರೋಗ್ಯದ ಲಕ್ಷಣ. ನೋಡಬೇಕಾದ್ದು ಹಲ್ಲಿನ ತುದಿಯನ್ನಲ್ಲ, ಬುಡವನ್ನು. ಇಳಿದಾಗ ಎಲ್ಲಿಗೆ ಇಳಿಯುತ್ತಿದೆ? 16 ಜಿಬಿ ಹೀಪ್ ಪ್ರತಿ ಸಲ 5 ಜಿಬಿಗೆ ಇಳಿಯುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ. ಸೋಮವಾರ 5, ಬುಧವಾರ 8, ಶುಕ್ರವಾರ 12 ಅಂತ ಬುಡವೇ ಏರುತ್ತಿದ್ದರೆ ಮಾತ್ರ ಚಿಂತೆ ಮಾಡಬೇಕು.

ಇಲ್ಲೊಂದು ಸಣ್ಣ ಮೋಸ ಇದೆ. ಬಹಳಷ್ಟು ಡ್ಯಾಶ್‌ಬೋರ್ಡ್‌ಗಳು ದೂರದ ಅವಧಿ ತೋರಿಸುವಾಗ ಪಾಯಿಂಟ್‌ಗಳನ್ನು ಸರಾಸರಿ ಮಾಡಿಬಿಡುತ್ತವೆ. ಆಗ ಬುಡವೂ ಕಾಣುವುದಿಲ್ಲ, ತುದಿಯೂ ಕಾಣುವುದಿಲ್ಲ, ನಡುವೆ ಒಂದು ನೇರ ಗೆರೆ ಕಾಣುತ್ತದೆ ಅಷ್ಟೇ. ಪ್ರಮೀಥಿಯಸ್ (ಮಾನಿಟರಿಂಗ್ ಟೂಲ್) ಬಳಸುವವರಾದರೆ ಹತ್ತು ಹದಿನೈದು ನಿಮಿಷದ ಕನಿಷ್ಠ ಮೌಲ್ಯವನ್ನೇ ಬೇರೆ ಪ್ಯಾನೆಲ್‌ನಲ್ಲಿ ಹಾಕಿಕೊಳ್ಳಿ. ನನ್ನನ್ನು ಕೇಳಿದರೆ ಇಡೀ ಡ್ಯಾಶ್‌ಬೋರ್ಡ್‌ನಲ್ಲಿ ಒಂದೇ ಮೆಮೊರಿ ಗ್ರಾಫ್ ಉಳಿಸಿಕೊಳ್ಳಬೇಕು ಅಂದರೆ ಅದನ್ನೇ ಉಳಿಸಿಕೊಳ್ಳುತ್ತೇನೆ.

ಬುಡ ನಿಜಕ್ಕೂ ಏರಿದೆ, ಅದೂ ಎಲ್ಲ ನೋಡ್‌ಗಳಲ್ಲಿ ಅಂದರೆ ಮೊದಲು ಕ್ಯಾಲೆಂಡರ್ ನೋಡಿ. ಹೊಸ ರಿಲೀಸ್ ಯಾವತ್ತು ಹೋಯಿತು? ಹೊಸ ಟೇಬಲ್‌ಗಳು ಬಂದವೇ? ಒಂದೊಂದು ಟೇಬಲ್‌ಗೂ ಡೇಟಾ ಇಲ್ಲದಿದ್ದರೂ ಸುಮಾರು 1 ಎಂಬಿ ಹೀಪ್ ಬೇಕಾಗುತ್ತದೆ. ಗ್ರಾಹಕನಿಗೊಂದು ಕೀಸ್ಪೇಸ್ (ಟೇಬಲ್‌ಗಳ ಗುಂಪು) ಅಂತ ಮಾಡಿಕೊಂಡು ಸಾವಿರಗಟ್ಟಲೆ ಟೇಬಲ್ ಸೇರಿಸಿದವರಿಗೆ ಇದು ತಡವಾಗಿ ಗೊತ್ತಾಗುತ್ತದೆ.

ಆಮೇಲೆ ನೋಡ್‌ಟೂಲ್ ಟಿಪಿಸ್ಟ್ಯಾಟ್ಸ್ ಓಡಿಸಿ, ಮೆಮ್‌ಟೇಬಲ್ ಫ್ಲಶ್ ರೈಟರ್ ಸಾಲಿನಲ್ಲಿ ಪೆಂಡಿಂಗ್ ಎಷ್ಟಿದೆ ನೋಡಿ. ಬರೆದ ಡೇಟಾ ಮೊದಲು ಮೆಮ್‌ಟೇಬಲ್‌ನಲ್ಲಿ ಕೂರುತ್ತದೆ, ಆಮೇಲೆ ಡಿಸ್ಕ್‌ಗೆ ಇಳಿಯುತ್ತದೆ. ಡಿಸ್ಕ್ ನಿಧಾನವಾದರೆ ಇಳಿಯುವ ಕೆಲಸ ಹಿಂದೆ ಬೀಳುತ್ತದೆ, ಹೀಪ್ ತುಂಬುತ್ತದೆ. ಮೆಮೊರಿ ದೋಷ ಅಂತ ಕಂಡದ್ದು ಡಿಸ್ಕ್ ದೋಷವಾಗಿರುತ್ತದೆ. ಐಒಸ್ಟ್ಯಾಟ್‌ನಲ್ಲಿ ಡಿಸ್ಕ್ ಪೂರ್ತಿ ಬಿಜಿ ಅಂತ ತೋರಿಸಿದರೆ ಹೀಪ್ ಬಿಟ್ಟು ಆ ಕಡೆ ಹೋಗಿ.

ಲಕ್ಷಣ: ಕೆಲವು ನೋಡ್‌ಗಳು ಮಾತ್ರ ಒದ್ದಾಡುತ್ತಿವೆ

ಇಲ್ಲಿ ಎಣಿಕೆ ಬಹಳ ಮುಖ್ಯ. ಸರಿಯಾಗಿ ಒಂದೇ ನೋಡ್‌ಗೆ ತೊಂದರೆಯೋ, ಮೂರಕ್ಕೋ?

ಒಂದೇ ಆದರೆ ಡೇಟಾವನ್ನು ಅನುಮಾನಿಸುವ ಮುಂಚೆ ಆ ಯಂತ್ರವನ್ನು ಅನುಮಾನಿಸಿ. ಅದರ ಹೀಪ್ ಸೆಟ್ಟಿಂಗ್ ಬೇರೆಯವುಗಳ ಹಾಗೇ ಇದೆಯಾ? ಹೊಸ ಸರ್ವರ್ ಸೇರಿಸಿದವರು ಜೆವಿಎಂ ಆಪ್ಷನ್ಸ್ ಫೈಲ್ ನಕಲು ಮಾಡುವುದು ಮರೆತಿರಬಹುದು. ಸ್ವಾಪ್ ಆನ್ ಇದೆಯಾ? ಹೀಪ್‌ನ ಪುಟಗಳು ಸ್ವಾಪ್‌ಗೆ ಹೋದರೆ ಗಾರ್ಬೇಜ್ ಕಲೆಕ್ಷನ್ ಒಂದೊಂದು ಪುಟಕ್ಕೂ ಡಿಸ್ಕ್‌ಗೆ ಓಡಬೇಕಾಗುತ್ತದೆ, ಅದಕ್ಕೇ ಕಸಾಂಡ್ರಾ ಸರ್ವರ್‌ನಲ್ಲಿ ಸ್ವಾಪ್ ಆಫ್ ಇಡುವುದು ವಾಡಿಕೆ. ಆದರೆ ಈಗಾಗಲೇ ಹಲವು ಜಿಬಿ ಸ್ವಾಪ್‌ನಲ್ಲಿ ಕೂತಿರುವಾಗ ಓಡುತ್ತಿರುವ ಸರ್ವರ್‌ನಲ್ಲಿ ತಟ್ಟನೆ ಆಫ್ ಮಾಡಬೇಡಿ. ಅದೆಲ್ಲ ರ‍್ಯಾಮ್‌ಗೆ ವಾಪಸ್ ಬರಬೇಕು, ಜಾಗ ಸಾಲದೆ ಕರ್ನಲ್ ಕಸಾಂಡ್ರಾವನ್ನೇ ಕೊಂದರೂ ಕೊಲ್ಲಬಹುದು. ಡ್ರೇನ್ ಮಾಡಿ, ನಿಲ್ಲಿಸಿ, ಆಮೇಲೆ ಆಫ್ ಮಾಡಿ.

ಒಂದೇ ನೋಡ್ ನರಳುವುದಕ್ಕೆ ಇನ್ನೊಂದು ಕಾರಣ ಕೋಆರ್ಡಿನೇಟರ್ ಕೆಲಸ, ಅಂದರೆ ಕ್ವೆರಿ ತೆಗೆದುಕೊಂಡು ರೆಪ್ಲಿಕಾಗಳಿಂದ ಉತ್ತರ ಕೂಡಿಸಿ ಕೊಡುವುದು. ಯಾವುದೋ ರಿಪೋರ್ಟ್ ಸ್ಕ್ರಿಪ್ಟ್ ಒಂದೇ ಐಪಿಗೆ ಅಂಟಿಕೊಂಡು, ಅಲೌ ಫಿಲ್ಟರಿಂಗ್ ಹಾಕಿ ಇಡೀ ಟೇಬಲ್ ಜಾಲಾಡುತ್ತಿರಬಹುದು. ಅಥವಾ ಐನೂರು ಕೀಗಳನ್ನು ಒಂದೇ "ಇನ್" ಕ್ವೆರಿಯಲ್ಲಿ ತುರುಕಿರಬಹುದು. ಎಲ್ಲ ರೆಪ್ಲಿಕಾಗಳಿಂದ ಬಂದ ಉತ್ತರ ಒಟ್ಟುಗೂಡುವುದು ಆ ಬಡಪಾಯಿ ಕೋಆರ್ಡಿನೇಟರ್ ಹೀಪ್‌ನಲ್ಲೇ ಅಲ್ವಾ. ದೊಡ್ಡ ಬ್ಯಾಚ್‌ಗಳದ್ದೂ (ಹಲವು ಬರಹಗಳನ್ನು ಒಟ್ಟಿಗೆ ಕಳಿಸುವುದು) ಇದೇ ಕಥೆ. ಬ್ಯಾಚ್ 5 ಕೆಬಿ ದಾಟಿದರೆ ಲಾಗ್‌ನಲ್ಲಿ ಎಚ್ಚರಿಕೆ, 50 ಕೆಬಿ ದಾಟಿದರೆ ತಿರಸ್ಕಾರ, ಇವು ಡೀಫಾಲ್ಟ್ ಮಿತಿ. ಎಚ್ಚರಿಕೆ ಬರುತ್ತಿದೆ ಅಂತ ಮಿತಿಯನ್ನೇ ಏರಿಸಿಟ್ಟಿರುವ ಕ್ಲಸ್ಟರ್‌ಗಳೂ ಇವೆ, ನಿಮ್ಮದು ಹೇಗಿದೆ ನೋಡಿಕೊಳ್ಳಿ.

ಒದ್ದಾಡುತ್ತಿರುವುದು ಸರಿಯಾಗಿ ಮೂರು ನೋಡ್, ರೆಪ್ಲಿಕೇಷನ್ ಕೂಡ 3 ಅಂದರೆ, ಒಂದು ದೊಡ್ಡ ಪಾರ್ಟಿಷನ್ (ಒಂದೇ ಕೀ ಅಡಿಯಲ್ಲಿ ಸೇರುವ ಸಾಲುಗಳ ಗುಂಪು) ಇರುವ ಸಾಧ್ಯತೆ ಜಾಸ್ತಿ. ಉದಾಹರಣೆಗೆ ವಿದ್ಯುತ್ ಮೀಟರ್ ರೀಡಿಂಗ್ ಇಡುವ ಟೇಬಲ್ ಅಂದುಕೊಳ್ಳಿ, ಪಾರ್ಟಿಷನ್ ಕೀ ಬರೀ ಜಿಲ್ಲೆ. ಕೊಡಗಿನ ಪಾರ್ಟಿಷನ್ ಪುಟ್ಟದಾಗಿರುತ್ತದೆ, ಬೆಂಗಳೂರು ನಗರದ್ದು ದಿನದಿನಕ್ಕೂ ಉಬ್ಬುತ್ತಾ ಹೋಗುತ್ತದೆ. ಆ ಒಂದು ಕೀ ಕೂರುವುದು ಮೂರೇ ನೋಡ್‌ಗಳಲ್ಲಿ, ಓದುವ ಬರೆಯುವ ಹೊರೆಯೆಲ್ಲ ಆ ಮೂರರ ಮೇಲೇ ಬೀಳುತ್ತದೆ. ಮಿಕ್ಕವು ಆರಾಮಾಗಿರುತ್ತವೆ.

ಖಚಿತ ಮಾಡಿಕೊಳ್ಳಲು ಖರ್ಚಿಲ್ಲದ ದಾರಿ ಇದೆ. ಸಿಸ್ಟಂ ಲಾಗ್‌ನಲ್ಲಿ "ರೈಟಿಂಗ್ ಲಾರ್ಜ್ ಪಾರ್ಟಿಷನ್" ಅಂತ ಹುಡುಕಿ. ಕಂಪ್ಯಾಕ್ಷನ್ (ಎಸ್‌ಎಸ್‌ಟೇಬಲ್‌ಗಳನ್ನು ಒಟ್ಟುಗೂಡಿಸಿ ಮತ್ತೆ ಬರೆಯುವ ಕೆಲಸ) ನಡೆಯುವಾಗ 100 ಎಂಬಿಗಿಂತ ದೊಡ್ಡ ಪಾರ್ಟಿಷನ್ ಸಿಕ್ಕರೆ ಟೇಬಲ್ ಹೆಸರು, ಕೀ, ಗಾತ್ರ ಮೂರನ್ನೂ ಅದು ಬರೆದಿಡುತ್ತದೆ. ಆ ಕೀಯನ್ನು ನೋಡ್‌ಟೂಲ್ ಗೆಟ್‌ಎಂಡ್‌ಪಾಯಿಂಟ್ಸ್‌ಗೆ ಕೊಡಿ, ಯಾವ ಮೂರು ಐಪಿಯಲ್ಲಿ ಅದು ಇದೆ ಅಂತ ಹೇಳುತ್ತದೆ. ಒದ್ದಾಡುತ್ತಿರುವ ಮೂರು ಐಪಿ ಅವೇ ಆದರೆ ಕಳ್ಳ ಸಿಕ್ಕಿಬಿದ್ದ. ಲಾಗ್‌ನಲ್ಲಿ ಏನೂ ಇಲ್ಲದಿದ್ದರೆ ನೋಡ್‌ಟೂಲ್ ಟೇಬಲ್‌ಸ್ಟ್ಯಾಟ್ಸ್‌ನಲ್ಲಿ "ಕಂಪ್ಯಾಕ್ಟೆಡ್ ಪಾರ್ಟಿಷನ್ ಮ್ಯಾಕ್ಸಿಮಂ ಬೈಟ್ಸ್" ಸಾಲು ನೋಡಿ.

ಪರಿಹಾರ ಮಾತ್ರ ಅಗ್ಗದ್ದಲ್ಲ. ಕೀಗೆ ದಿನಾಂಕವನ್ನೋ ತಿಂಗಳನ್ನೋ ಸೇರಿಸಿ ಪಾರ್ಟಿಷನ್ ಒಡೆಯಬೇಕು. ಇರುವ ಟೇಬಲ್‌ನ ಪ್ರೈಮರಿ ಕೀ ಬದಲಾಯಿಸಲು ಕಸಾಂಡ್ರಾ ಬಿಡುವುದಿಲ್ಲ, ಹೊಸ ಟೇಬಲ್ ಮಾಡಿ ಡೇಟಾ ಸಾಗಿಸಬೇಕು. ಹೀಪ್ ಏರಿಸಿದರೆ ಒಂದಷ್ಟು ದಿನ ಉಸಿರಾಡಲು ಸಮಯ ಸಿಗುತ್ತದೆ, ಪಾರ್ಟಿಷನ್ ಬೆಳೆಯುವುದು ನಿಲ್ಲುವುದಿಲ್ಲ.

ಲಕ್ಷಣ: ನೋಡ್ ಡೌನ್ ಆಗುತ್ತದೆ, ತಾನೇ ಅಪ್ ಆಗುತ್ತದೆ

ಪ್ರೋಸೆಸ್ ಸತ್ತಿಲ್ಲ, ನೆಟ್‌ವರ್ಕ್ ಸರಿ ಇದೆ, ಆದರೂ ಬೇರೆ ನೋಡ್‌ಗಳ ಲಾಗ್‌ನಲ್ಲಿ "ಈಸ್ ನೌ ಡೌನ್", ಸ್ವಲ್ಪ ಹೊತ್ತಿಗೆ "ಈಸ್ ನೌ ಅಪ್". ಡೌನ್ ಆದ ನೋಡ್‌ನ ಲಾಗ್ ತೆರೆದು ಅದೇ ಸಮಯಕ್ಕೆ ಜಿಸಿ ಇನ್‌ಸ್ಪೆಕ್ಟರ್ ಸಾಲು ಹುಡುಕಿ. ಇಂಥದ್ದೊಂದು ಸಿಗಬಹುದು (ಜಿ1 ಅನ್ನುವುದು ಜಾವಾದ ಒಂದು ಬಗೆಯ ಜಿಸಿ):

ಜಿ1 ಓಲ್ಡ್ ಜನರೇಷನ್ ಜಿಸಿ ಇನ್ 9120ಎಂಎಸ್. ಜಿ1 ಓಲ್ಡ್ ಜೆನ್: 15900000000 -> 15700000000

ನಿಧಾನವಾಗಿ ಓದಿ. 9 ಸೆಕೆಂಡು ಇಡೀ ನೋಡ್ ಕಣ್ಣು ಮುಚ್ಚಿತ್ತು. ಓದುವುದಕ್ಕೆ ಡೀಫಾಲ್ಟ್ ಟೈಮ್‌ಔಟ್ 5 ಸೆಕೆಂಡು, ಬರೆಯುವುದಕ್ಕೆ 2. ಅಂದರೆ ಆ ಹೊತ್ತಲ್ಲಿ ಬಂದ ಕೆಲಸದಲ್ಲಿ ಬಹುಪಾಲು ಹೊಳೆಯಲ್ಲಿ ಹುಣಸೆಹಣ್ಣು. ಬಾಣದ ಎರಡೂ ಕಡೆಯ ಅಂಕಿ ನೋಡಿ: ಇಷ್ಟೆಲ್ಲ ಒದ್ದಾಡಿ ಬಿಡುಗಡೆ ಮಾಡಿದ್ದು 20 ಕೋಟಿ ಬೈಟ್, ಸುಮಾರು 200 ಎಂಬಿ ಅಷ್ಟೇ. ಹೀಪ್‌ನಲ್ಲಿರುವುದು ಕಸವಲ್ಲ, ನಿಜವಾಗಿಯೂ ಯಾರೋ ಹಿಡಿದಿಟ್ಟುಕೊಂಡಿರುವ ಡೇಟಾ. ಬಾಣದ ಬಲಗಡೆ 4 ಜಿಬಿ ಬಂದಿದ್ದರೆ ಮಾತು ಬೇರೆ, ಆಗ ಬರೀ ಜಿಸಿ ಟ್ಯೂನಿಂಗ್ ಸಾಕಾಗುತ್ತಿತ್ತು.

ನೋಡ್ ಮತ್ತೆ ಅಪ್ ಆದಾಗ ಬೇರೆ ನೋಡ್‌ಗಳು ಅದಕ್ಕೆಂದು ಕೂಡಿಟ್ಟ ಹಿಂಟ್‌ಗಳನ್ನೆಲ್ಲ (ಡೌನ್ ಇದ್ದಾಗ ಅದಕ್ಕೆ ತಪ್ಪಿದ ಬರಹಗಳನ್ನು) ಕಳಿಸುತ್ತವೆ, ಆ ಹೊರೆಗೆ ಅದು ಮತ್ತೆ ಡೌನ್. ಈ ಚಕ್ರ ಕಂಡರೆ ಹಿಂಟ್ ಕಳಿಸುವ ವೇಗ ತಗ್ಗಿಸಿ ಉಸಿರಾಡಲು ಬಿಡಿ. ಡೌನ್ ಅಂತ ಕಂಡಿತೆಂದು ರಿಮೂವ್‌ನೋಡ್ ಕಮಾಂಡ್ ಕೊಡುವ ಆಸೆಯಾಗುತ್ತದೆ. ಬೇಡ. ಬದುಕಿರುವ ನೋಡ್‌ನ ಡೇಟಾವನ್ನು ಕ್ಲಸ್ಟರ್ ತುಂಬಾ ಮರುಹಂಚಿಕೆ ಮಾಡಿಸಿದರೆ ಉಳಿದ ನೋಡ್‌ಗಳ ಮೇಲೂ ಹೊರೆ ಬೀಳುತ್ತದೆ.

ಹೀಪ್ ಏರಿಸುವುದಾದರೆ ಎರಡು ಮಾತು. 4.0ರ ಸ್ಟಾರ್ಟ್ ಸ್ಕ್ರಿಪ್ಟ್ ತಾನಾಗೇ ಲೆಕ್ಕ ಹಾಕಿ ಕೊಡುವ ಹೀಪ್ 8 ಜಿಬಿ ದಾಟುವುದಿಲ್ಲ, ಆದ್ದರಿಂದ ದೊಡ್ಡ ಸರ್ವರ್‌ನಲ್ಲಿ ನೀವೇ ಹೇಳಬೇಕು. ಜಿ1 ಬಳಸುವಾಗ 16ರಿಂದ 31 ಜಿಬಿ ಸಾಮಾನ್ಯ. 32 ದಾಟಿಸಬೇಡಿ, ದಾಟಿದರೆ ಜಾವಾದ ಪಾಯಿಂಟರ್‌ಗಳು 4 ಬೈಟ್‌ನಿಂದ 8 ಬೈಟ್ ಆಗುತ್ತವೆ. 34 ಜಿಬಿ ಕೊಟ್ಟು 31ಕ್ಕಿಂತ ಕಡಿಮೆ ಜಾಗ ಸಿಕ್ಕ ಹಾಗಾಗುತ್ತದೆ.

ಲಕ್ಷಣ: ಒಂದೇ ಟೇಬಲ್ ಓದಿದಾಗ ಹೀಪ್ ಜಿಗಿಯುತ್ತದೆ

ಹತ್ತು ಸಾಲು ಕೇಳಿದ ಕ್ವೆರಿಗೆ ನೋಡ್ ಏದುಸಿರು ಬಿಡುತ್ತಿದ್ದರೆ ಅದು ಟೂಂಬ್‌ಸ್ಟೋನ್ ಇರಬೇಕು. ಕಸಾಂಡ್ರಾದಲ್ಲಿ ಅಳಿಸುವುದೂ ಒಂದು ಬರವಣಿಗೆಯೇ, "ಇದು ಅಳಿದಿದೆ" ಅನ್ನುವ ಗುರುತು ಉಳಿಯುತ್ತದೆ. ಕ್ಯೂ ಥರ ಬಳಸುವ ಟೇಬಲ್‌ಗಳಲ್ಲಿ, ಅಂದರೆ ಮುಂದಿನಿಂದ ಓದಿ ಓದಿ ಅಳಿಸುವ ಕಡೆ, ಹತ್ತು ಜೀವಂತ ಸಾಲು ಸಿಗಬೇಕಾದರೆ ಸಾವಿರಾರು ಗುರುತು ದಾಟಬೇಕು. ಅವೆಲ್ಲ ಹೀಪ್‌ಗೆ ಬರುತ್ತವೆ. ಒಂದು ಕ್ವೆರಿಯಲ್ಲಿ 1000 ದಾಟಿದರೆ ಲಾಗ್‌ನಲ್ಲಿ ಎಚ್ಚರಿಕೆ, 1 ಲಕ್ಷ ದಾಟಿದರೆ ಕ್ವೆರಿಯನ್ನೇ ನಿಲ್ಲಿಸುತ್ತದೆ.

ಗುರುತುಗಳು ಹೋಗುವುದಕ್ಕೆ ಡೀಫಾಲ್ಟ್ ಆಗಿ ಕನಿಷ್ಠ 10 ದಿನ ಕಾಯಬೇಕು. ಆ ಅವಧಿಯನ್ನು ಇಳಿಸುವುದು ಸುಲಭ, ಆದರೆ ಅಷ್ಟರೊಳಗೆ ರಿಪೇರ್ (ರೆಪ್ಲಿಕಾಗಳನ್ನು ತಾಳೆ ನೋಡಿ ಸರಿಪಡಿಸುವ ಕೆಲಸ) ಓಡಿ ಮುಗಿಯುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ. ಇಲ್ಲದಿದ್ದರೆ ಅಳಿಸಿದ ಡೇಟಾ ಒಂದು ದಿನ ಎದ್ದು ಬರುತ್ತದೆ. ಗ್ರಾಹಕರು ಮುಚ್ಚಿದ ಖಾತೆ ಮತ್ತೆ ಕಾಣಿಸಿಕೊಂಡರೆ ಏನಂತ ಉತ್ತರ ಕೊಡುತ್ತೀರಿ?

ಲಕ್ಷಣ: ಪ್ರೋಸೆಸ್ ಸದ್ದಿಲ್ಲದೆ ಮಾಯವಾಗಿದೆ

ಕಸಾಂಡ್ರಾ ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ, ಸಾಲು ಅರ್ಧಕ್ಕೇ ನಿಂತಿದೆ. ಡಿಮೆಸ್ಸೇಜ್ (ಕರ್ನಲ್‌ನ ಲಾಗ್ ತೋರಿಸುವ ಕಮಾಂಡ್) ನೋಡಿ, "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್" ಅಂತ ಇದ್ದರೆ ಕೊಂದದ್ದು ಕರ್ನಲ್. ಕಂಟೇನರ್ ಆದರೆ ಎಕ್ಸಿಟ್ ಕೋಡ್ 137 ಸುಳಿವು.

ಕಂಟೇನರ್‌ನಲ್ಲಿ ಇದು ಹೆಚ್ಚು. ಹೀಪ್ ಎಷ್ಟು ಅಂತ ನೀವು ಹೇಳದಿದ್ದರೆ ಸ್ಟಾರ್ಟ್ ಸ್ಕ್ರಿಪ್ಟ್ ಫ್ರೀ ಕಮಾಂಡ್ ಕೇಳಿ ಲೆಕ್ಕ ಹಾಕುತ್ತದೆ, ಅದು ತೋರಿಸುವುದು ಹೋಸ್ಟ್ ಯಂತ್ರದ ರ‍್ಯಾಮ್. ಕಂಟೇನರ್ ಮಿತಿ 8 ಜಿಬಿ, ಹೀಪ್ ಕೂಡ 8 ಜಿಬಿ ಅಂತಾದರೆ ಆಫ್-ಹೀಪ್‌ಗೆ ಜಾಗ ಎಲ್ಲಿಂದ ಬರಬೇಕು? ಮ್ಯಾಕ್ಸ್ ಹೀಪ್ ಸೈಜ್ ನೀವೇ ಬರೆಯಿರಿ, ಮಿತಿಯ ಅರ್ಧದಿಂದ ಶುರು ಮಾಡಿ.

ಲಕ್ಷಣ: ಲಾಗ್‌ನಲ್ಲಿ "ಔಟ್ ಆಫ್ ಮೆಮೊರಿ ಎರರ್"

ಆ ಪದದ ಮುಂದೆ ಏನಿದೆ ಅನ್ನುವುದೇ ಮುಖ್ಯ. "ಜಾವಾ ಹೀಪ್ ಸ್ಪೇಸ್" ಅಂದರೆ ಹೀಪ್ ಮುಗಿದಿದೆ, ಮೇಲಿನ ವಿಭಾಗಗಳಿಗೆ ಹೋಗಿ. "ಡೈರೆಕ್ಟ್ ಬಫರ್ ಮೆಮೊರಿ" ಅಂದರೆ ಆಫ್-ಹೀಪ್ ಬಫರ್‌ಗಳ ಮಿತಿ. "ಅನೇಬಲ್ ಟು ಕ್ರಿಯೇಟ್ ನ್ಯೂ ನೇಟಿವ್ ಥ್ರೆಡ್" ಅಂತ ಬಂದರೆ ಹೆಚ್ಚಾಗಿ ಯುಲಿಮಿಟ್‌ನಲ್ಲಿ ಪ್ರೋಸೆಸ್ ಮಿತಿ ಸಾಲುತ್ತಿಲ್ಲ. "ಮ್ಯಾಪ್ ಫೇಲ್ಡ್" ಬಂದರೆ ರ‍್ಯಾಮ್ ಎಷ್ಟೇ ಇದ್ದರೂ ಪ್ರಯೋಜನವಿಲ್ಲ: ಒಂದು ಪ್ರೋಸೆಸ್ ಎಷ್ಟು ಮ್ಯಾಪ್ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಕರ್ನಲ್‌ನ ಮಾಮೂಲಿ ಮಿತಿ 65530, ಸಾವಿರಾರು ಎಸ್‌ಎಸ್‌ಟೇಬಲ್ ಇರುವ ನೋಡ್‌ಗೆ ಅದು ಸಾಲುವುದಿಲ್ಲ. ಕಸಾಂಡ್ರಾಗೆ 1048575 ಇಡುವುದು ರೂಢಿ. ಒಂದು ಸಿಸ್ಕಂಟ್ರೋಲ್ ಸಾಲಿನಲ್ಲಿ ಮುಗಿಯುವ ಈ ಕೆಲಸಕ್ಕೆ ರ‍್ಯಾಮ್ ಖರೀದಿ ಮಾಡಲು ಹೊರಟುಬಿಡುತ್ತಾರೆ.

ಲಕ್ಷಣ: ಹೀಪ್ ಸಮಾಧಾನವಾಗಿದೆ, ಪ್ರೋಸೆಸ್ ಮಾತ್ರ ಉಬ್ಬುತ್ತಿದೆ

ನೋಡ್‌ಟೂಲ್ ಇನ್ಫೋದಲ್ಲಿ ಆಫ್ ಹೀಪ್ ಸಾಲು ಇದೆ. ಅದು ಎಲ್ಲಿ ಹೋಗಿದೆ ಅಂತ ಟೇಬಲ್‌ಸ್ಟ್ಯಾಟ್ಸ್ ಬಿಡಿಸಿ ತೋರಿಸುತ್ತದೆ: ಬ್ಲೂಮ್ ಫಿಲ್ಟರ್ (ಕೀ ಯಾವ ಫೈಲ್‌ನಲ್ಲಿ ಇರಬಹುದು ಅಂತ ಬೇಗ ಹೇಳುವ ಸೂಚಿ) ಎಷ್ಟು, ಕಂಪ್ರೆಷನ್ ಮೆಟಾಡೇಟಾ ಎಷ್ಟು, ಮೆಮ್‌ಟೇಬಲ್ ಎಷ್ಟು. ಬ್ಲೂಮ್ ಫಿಲ್ಟರ್ ಕೀಗಳ ಸಂಖ್ಯೆಯ ಜೊತೆ ಬೆಳೆಯುತ್ತದೆ, ಪುಟ್ಟ ಪುಟ್ಟ ಪಾರ್ಟಿಷನ್ ಕೋಟಿಗಟ್ಟಲೆ ಇದ್ದರೆ ಅದೇ ದೊಡ್ಡ ಪಾಲು ಆಗುತ್ತದೆ. ಕಂಪ್ರೆಷನ್ ಚಂಕ್ (ಒಮ್ಮೆಗೆ ಕುಗ್ಗಿಸುವ ಡೇಟಾ ತುಂಡು) 64 ಕೆಬಿಯಿಂದ 4 ಕೆಬಿಗೆ ಇಳಿಸಿದವರಿಗೆ ಮೆಟಾಡೇಟಾ ಏರಿರುತ್ತದೆ.

ಇವನ್ನೆಲ್ಲ ಕೂಡಿದರೂ ಲೆಕ್ಕ ತಾಳೆಯಾಗದಿದ್ದರೆ ಸ್ಟಾರ್ಟ್ ಆಗುವಾಗಿನ ಲಾಗ್‌ನಲ್ಲಿ ಜೆಮ್ಯಾಲಕ್ (ಮೆಮೊರಿ ಹಂಚುವ ಲೈಬ್ರರಿ) ಲೋಡ್ ಆಗಿಲ್ಲ ಅನ್ನುವ ಎಚ್ಚರಿಕೆ ಇದೆಯಾ ನೋಡಿ. ಅದಿಲ್ಲದಿದ್ದರೆ ಬಿಟ್ಟ ಮೆಮೊರಿ ಚೂರುಚೂರಾಗಿ ಪ್ರೋಸೆಸ್ ಬಳಿಯೇ ಉಳಿದುಬಿಡುವುದುಂಟು. ಅದಾದ ಮೇಲೆ ಜಾವಾದ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆನ್ ಮಾಡಬಹುದು. ರೀಸ್ಟಾರ್ಟ್ ಬೇಕು, ವೇಗವೂ ಸ್ವಲ್ಪ ಕಡಿಮೆಯಾಗುತ್ತದೆ, ಹಾಗಾಗಿ ಒಂದೇ ನೋಡ್‌ನಲ್ಲಿ ಮಾಡಿ.

ಲಾಗ್‌ನಲ್ಲಿ "ಲೀಕ್ ಡಿಟೆಕ್ಟೆಡ್" ಅಂತ ಕಂಡರೆ ನೀವು ಮುಂದೆ ಅಗೆಯಬೇಡಿ. ಅದು ಕೋಡ್‌ನ ದೋಷ. ನಿಮ್ಮ ವರ್ಷನ್ ಸಾಲಿನ ಇತ್ತೀಚಿನ ಪ್ಯಾಚ್‌ಗೆ ಹೋಗುವುದೇ ದಾರಿ.

ಹೀಪ್ ಡಂಪ್: ಕೊನೆಯ ಅಸ್ತ್ರ

ಏನೂ ಗೊತ್ತಾಗದಿದ್ದರೆ ಡಂಪ್ (ಹೀಪ್‌ನ ಪೂರ್ತಿ ನಕಲು) ತೆಗೆದು ಯಾವ ಆಬ್ಜೆಕ್ಟ್ ಹೀಪ್ ಹಿಡಿದಿದೆ ನೋಡಬೇಕು. ಡಂಪ್ ಮುಗಿಯುವವರೆಗೂ ನೋಡ್ ಹೆಪ್ಪುಗಟ್ಟಿ ನಿಲ್ಲುತ್ತದೆ. ಫೈಲ್ ಹೀಪ್‌ನಷ್ಟೇ ದೊಡ್ಡದಾಗಬಹುದು, ಡೇಟಾ ಡಿಸ್ಕ್‌ನಲ್ಲಿ ಬರೆಸಿ ಡಿಸ್ಕ್ ತುಂಬಿಸಿಕೊಳ್ಳಬೇಡಿ. ಮುಖ್ಯವಾಗಿ, ಆ ಫೈಲ್‌ನಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್, ಟೋಕನ್ ಎಲ್ಲ ಹಾಗ್ಹಾಗೇ ಇರುತ್ತದೆ. ವಾಟ್ಸಾಪ್‌ನಲ್ಲೋ ಡ್ರೈವ್ ಲಿಂಕ್‌ನಲ್ಲೋ ಯಾರಿಗೂ ಕಳಿಸಬೇಡಿ.

ಹಾಗೇ, ಹೊರಗಿನಿಂದ ನೋಡಲು ಅನುಕೂಲ ಅಂತ ಜೆಎಂಎಕ್ಸ್ (ಜಾವಾ ಪ್ರೋಗ್ರಾಂ ಅನ್ನು ನೋಡಿ ನಿಯಂತ್ರಿಸುವ ದಾರಿ) ಪೋರ್ಟ್ 7199 ಅನ್ನು ಪಾಸ್‌ವರ್ಡ್ ಇಲ್ಲದೆ ತೆರೆದಿಡಬೇಡಿ. ಅಲ್ಲಿಂದ ಒಳಗೆ ಬಂದವರು ಬರೀ ಗ್ರಾಫ್ ನೋಡಿಕೊಂಡು ಹೋಗುವುದಿಲ್ಲ.

ಯಾವಾಗ ಕೈ ಬಿಟ್ಟು ಕರೆಯಬೇಕು

ಅಕ್ಕಪಕ್ಕದ ರೆಪ್ಲಿಕಾ ಎರಡು ಒಟ್ಟಿಗೆ ನರಳುತ್ತಿದ್ದರೆ. ರೀಸ್ಟಾರ್ಟ್ ಮಾಡಿದ ನೋಡ್ ಕಮಿಟ್ ಲಾಗ್ ಓದುವಾಗಲೇ ಮೆಮೊರಿ ಸಾಲದೆ ಮತ್ತೆ ಸಾಯುತ್ತಿದ್ದರೆ. ಈ ಹಂತದಲ್ಲಿ ಕಮಿಟ್ ಲಾಗ್ ಫೈಲ್ ಅಳಿಸಿದರೆ ಎದ್ದುಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಡಿಸ್ಕ್‌ಗೆ ಇನ್ನೂ ಇಳಿಯದ ಬರಹಗಳು ಅದರ ಜೊತೆಗೇ ಹೋಗುತ್ತವೆ. ಡಿಸ್ಕ್ ಎರರ್ ಕಂಡರೆ, ಅಥವಾ ಹಿಂಟ್ ಇಡುವ 3 ಗಂಟೆ ಅವಧಿ ದಾಟಿ ನೋಡ್ ಡೌನ್ ಇದ್ದರೆ ಕೂಡ ಅನುಭವ ಇರುವವರನ್ನು ಕರೆಯಿರಿ. ಎದ್ದ ಮೇಲೆ ರಿಪೇರ್ ಮಾಡಲೇಬೇಕಾಗುತ್ತದೆ.

ಕರೆಯುವ ಮುಂಚೆ ಇವನ್ನು ಒಂದು ಫೋಲ್ಡರ್‌ಗೆ ಹಾಕಿಡಿ, ರೀಸ್ಟಾರ್ಟ್ ಮಾಡಿದರೆ ಅರ್ಧ ಅಂಕಿಗಳು ಸೊನ್ನೆಯಾಗುತ್ತವೆ: ನೋಡ್‌ಟೂಲ್ ಇನ್ಫೋ, ಟಿಪಿಸ್ಟ್ಯಾಟ್ಸ್, ಟೇಬಲ್‌ಸ್ಟ್ಯಾಟ್ಸ್, ಸ್ಟೇಟಸ್ ಇವುಗಳ ಔಟ್‌ಪುಟ್, ತೊಂದರೆ ಇರುವ ಒಂದು ನೋಡ್ ಮತ್ತು ಚೆನ್ನಾಗಿರುವ ಒಂದು ನೋಡ್ ಎರಡರದ್ದೂ, ಸಿಸ್ಟಂ ಲಾಗ್, ಜಿಸಿ ಲಾಗ್, ಡಿಮೆಸ್ಸೇಜ್, ಮತ್ತೆ ಕೊನೆಯ ರಿಲೀಸ್ ಹೋದ ದಿನಾಂಕ.